ಮನೆ ಒಬ್ಬರದು, ಮಾತು ಇನ್ನೊಬ್ಬರದು

ಪ್ರಶ್ನೆ: ನಾನು ಶಿವಮೊಗ್ಗದ ವಿನೋಬನಗರದವಳು. ಎರಡು ವರ್ಷದ ಹಿಂದೆ ಅಕ್ಕಪಕ್ಕದ ರಸ್ತೆಯವರು ಸೇರಿ ಒಂದು ಓದುಬಳಗ ಮಾಡಿಕೊಂಡೆವು. ಈಗ 11 ಜನ ಇದ್ದೇವೆ. ತಿಂಗಳಿಗೊಂದು ಪುಸ್ತಕ, ಕೊನೆಯ ಭಾನುವಾರ ಸಂಜೆ ಭೇಟಿ. ಸರದಿ ಪ್ರಕಾರ ಎಲ್ಲರ ಮನೆಯಲ್ಲೂ ಸೇರೋಣ ಅಂತ ಶುರುವಾದದ್ದು, ಈಗ ಹೆಚ್ಚುಕಮ್ಮಿ ನಮ್ಮ ಮನೆಯಲ್ಲೇ ನಡೆಯುತ್ತಿದೆ. ತಿಂಡಿ, ಕಾಫಿ, ಕುರ್ಚಿ ಎಲ್ಲ ನನ್ನ ಪಾಲಿಗೆ. ಚರ್ಚೆ ಶುರು ಮಾಡುವುದೂ ನಾನೇ. ಆಮೇಲೆ ನಮ್ಮಲ್ಲಿರುವ ನಿವೃತ್ತ ಕನ್ನಡ ಮೇಷ್ಟ್ರು ಮಾತು ತಗೊಂಡರೆ ಮುಗೀತು, ಬೇರೆಯವರು ಬಾಯಿ ಬಿಡುವುದಿಲ್ಲ. ನಾಲ್ವರಿಗೆ ಮನೆ ಚಿಕ್ಕದು, ಅತ್ತೆ-ಮಾವ ಇದ್ದಾರೆ ಎಂಬ ಸಂಕೋಚ. ಯಾರ ಮನಸ್ಸಿಗೂ ನೋವಾಗದ ಹಾಗೆ ಈ ಕೆಲಸ ಹಂಚುವುದು ಹೇಗೆ?

ಉತ್ತರ: ನಿಮ್ಮ ಪತ್ರ ಓದಿದವರು 'ಪಾಪ, ಎಲ್ಲ ಭಾರ ಒಬ್ಬರ ಮೇಲೇ ಹಾಕಿದ್ದಾರೆ' ಅನ್ನಬಹುದು. ನನಗೆ ಹಾಗನ್ನಿಸಲಿಲ್ಲ. ಎರಡು ವರ್ಷ ಬಿಡದೆ ಬರುತ್ತಿರುವ ಜನ ಸೋಮಾರಿಗಳಲ್ಲ. ಅವರು ಹಿಂಜರಿಯುತ್ತಿರುವುದು ಕೆಲಸಕ್ಕಲ್ಲ, ಕೆಲಸದ ಗಾತ್ರಕ್ಕೆ. ನಿಮ್ಮ ಬಳಗದಲ್ಲಿ 'ಈ ತಿಂಗಳು ನಮ್ಮ ಮನೆ' ಅಂದರೆ ಅದರಲ್ಲಿ ಏನೇನು ಸೇರಿದೆ ನೋಡಿ. ಗುಡಿಸಿ ಒರೆಸಿ ಹಾಲ್ ಖಾಲಿ ಮಾಡಬೇಕು. ಹನ್ನೊಂದು ಜನಕ್ಕೆ ತಿಂಡಿ ಆಗಬೇಕು. ಪುಸ್ತಕ ಪೂರ್ತಿ ಓದಿರಬೇಕು. ಮೇಲಿಂದ ಚರ್ಚೆ ಶುರು ಮಾಡಬೇಕು, ಅದೂ ಕನ್ನಡ ಮೇಷ್ಟ್ರ ಎದುರಿಗೆ. ಇಷ್ಟಕ್ಕೆಲ್ಲ ಯಾರು ತಾನೇ ಕೈ ಎತ್ತುತ್ತಾರೆ?

ಹಾಗಾಗಿ ಮೊದಲು ಈ ಗಂಟು ಬಿಚ್ಚಿ. ಮನೆ ಕೊಡುವವರು ಬೇರೆ, ಮಾತು ನಡೆಸುವವರು ಬೇರೆ. ಒಂದೇ ತಿಂಗಳು ಎರಡೂ ಒಬ್ಬರ ಮೇಲೆ ಬರಲೇಬಾರದು. ಬೇರೆ ಯಾವ ನಿಯಮ ಮಾಡದಿದ್ದರೂ ಪರವಾಗಿಲ್ಲ, ಇದೊಂದು ಮಾಡಿ.

ಮನೆಯವರ ಒಂದು ಕಿವಿ ಯಾವಾಗಲೂ ಒಳಗಡೆ ಇರುತ್ತದೆ. ಹಾಲು ಉಕ್ಕಿತಾ, ಗೇಟಿನ ಹತ್ತಿರ ಯಾರಾದರೂ ಬಂದರಾ, ಮಲಗಿದ್ದ ಮಗು ಎದ್ದಿತಾ. ಚರ್ಚೆ ನಡೆಸುವವರಿಗೆ ಎರಡೂ ಕಿವಿ ಮಾತಿನ ಮೇಲೇ ಬೇಕು. ಯಾರು ಏನೋ ಹೇಳಲು ಹೋಗಿ ನಿಲ್ಲಿಸಿದರು, ಯಾರು ತಲೆ ಅಲ್ಲಾಡಿಸಿ ಸುಮ್ಮನಾದರು ಎಂದು ಗಮನಿಸುವುದು ಆ ಕೆಲಸದ ಅರ್ಧ ಪಾಲು. ನೀವು ಕಾಫಿ ತರಲು ಒಳಗೆ ಹೋದ ಹೊತ್ತಿನಲ್ಲೇ ಮೇಷ್ಟ್ರು ಮಾತು ತಗೊಂಡಿರುತ್ತಾರೆ, ಅಲ್ವಾ?

ನಮ್ಮ ಕಡೆ ಇದು ಹೊಸ ಪದ್ಧತಿಯೂ ಅಲ್ಲ. ಊರಿಂದ ಸ್ವಲ್ಪ ದೂರದಲ್ಲಿ ತುಂಗೆಯ ಎರಡು ದಡದಲ್ಲಿ ಮತ್ತೂರು, ಹೊಸಹಳ್ಳಿ ಇವೆ. ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಪದ್ಯ ಹಾಡುವವರು ಒಬ್ಬರು, ಕೂತು ಅರ್ಥ ಬಿಡಿಸುವವರು ಇನ್ನೊಬ್ಬರು. ಜಗಲಿ ಮೂರನೆಯವರದು. ಹಾಡಿದವರೇ ವ್ಯಾಖ್ಯಾನವನ್ನೂ ಮಾಡಿ, ಬಂದವರಿಗೆ ಪಾನಕವನ್ನೂ ಹಂಚಲಿ ಅಂತ ಯಾರೂ ಹೇಳುವುದಿಲ್ಲ. ಹೆಗ್ಗೋಡಿನ ನೀನಾಸಂ ಶುರುವಾದದ್ದು 1949ರಲ್ಲಿ. ಅಲ್ಲಿನ ಶಿಬಿರಗಳಲ್ಲಿ ರಾತ್ರಿ ನಾಟಕ ನೋಡಿ ಮಾರನೇ ದಿನ ಕೂತು ಅದರ ಬಗ್ಗೆ ಮಾತಾಡುವ ರೂಢಿ ಇದೆ. ಮಲೆನಾಡಿನ ಜನಕ್ಕೆ ಕೂತು ಮಾತಾಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕೆಲಸ ಹಂಚಿಕೊಂಡರೆ ಸಾಕು.

ಈಗ ಮನೆಯ ವಿಷಯ. ನಿಮ್ಮ ಹನ್ನೊಂದು ಜನರಲ್ಲಿ ನಾಲ್ವರಿಗೆ ಮನೆ ಕೊಡುವುದು ಕಷ್ಟ. ಅವರನ್ನು ಒತ್ತಾಯ ಮಾಡಬೇಡಿ. 'ಚಿಕ್ಕದಾದರೂ ಪರವಾಗಿಲ್ಲ ಬಿಡ್ರೀ, ನಾವೇನು ಹೊರಗಿನವರಾ' ಅನ್ನುವುದು ಪ್ರೀತಿಯ ಮಾತೇ. ಆದರೆ ಕೇಳಿಸಿಕೊಳ್ಳುವವರಿಗೆ ಚುಚ್ಚುತ್ತದೆ. ಬಾಡಿಗೆ ಮನೆ, ಮೇಲಿನ ಮಹಡಿಯಲ್ಲಿ ಮಾಲೀಕರು, ಹಾಲ್‌ನಲ್ಲೇ ಮಾವನವರ ಮಂಚ, ಅವರ ಟಿವಿ ಹೊತ್ತು. ಇಂಥದ್ದು ಹೊರಗಿನವರಿಗೆ ಕಾಣುವುದಿಲ್ಲ. ಉಳಿದ ಏಳು ಮನೆಗಳ ಒಂದು ಪಟ್ಟಿ ಮಾಡಿ. ಮಾತಿಗೆ ಮಾತ್ರ ಹನ್ನೊಂದೂ ಜನರ ಪಟ್ಟಿ. ಎರಡು ಪಟ್ಟಿ ಬೇರೆ ಬೇರೆ ಓಡಲಿ. ಮನೆ ಸರದಿ ಏಳು ತಿಂಗಳಿಗೊಮ್ಮೆ, ಮಾತಿನ ಸರದಿ ಹನ್ನೊಂದು ತಿಂಗಳಿಗೊಮ್ಮೆ ಬರುತ್ತದೆ. ಯಾವಾಗಲಾದರೂ ಒಬ್ಬರ ಹೆಸರೇ ಎರಡೂ ಕಡೆ ಬಿದ್ದರೆ ಮುಂದಿನವರ ಜೊತೆ ಅದಲುಬದಲು ಮಾಡಿಕೊಳ್ಳಲಿ.

ಮನೆ ಕೊಡದ ನಾಲ್ವರು ಏನು ಮಾಡಬೇಕು? ಅವರಿಗೇ ಕೇಳಿ, ಅವರೇ ಹೇಳುತ್ತಾರೆ. ಕೆಲಸಕ್ಕೇನು ಬರವಿಲ್ಲ. ಪುಸ್ತಕದ ಪ್ರತಿ ಎಲ್ಲಿ ಸಿಗುತ್ತದೆ ಎಂದು ನೋಡಿ ತರಿಸುವುದು, ಕೈಯಿಂದ ಕೈಗೆ ದಾಟಿದ ಪ್ರತಿಗಳ ಲೆಕ್ಕ ಇಡುವುದು, ತಿಂಡಿಯ ಪೊಟ್ಟಣ ತರುವುದು. ಮೊದಲ ಎರಡು ಕೆಲಸ ನೋಡಲು ಚಿಕ್ಕವು, ಆದರೆ ಬಳಗಗಳು ನಿಂತುಹೋಗುವುದು ಸಾಮಾನ್ಯವಾಗಿ ಅಲ್ಲೇ. ಪುಸ್ತಕ ಕೈಗೆ ಸಿಕ್ಕಿದ್ದೇ ಭೇಟಿಗೆ ನಾಲ್ಕು ದಿನ ಇರುವಾಗ ಅಂದರೆ ಯಾರು ಓದುತ್ತಾರೆ?

ಮನೆಯೇ ಆಗಬೇಕು ಅಂತಲೂ ಇಲ್ಲ. ನೀವು ಕಟ್ಟುವ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು, ತೆರಿಗೆಯ ಮೇಲೆ ಶೇ 6. ಅಂದರೆ ಗ್ರಂಥಾಲಯಕ್ಕೆ ನೀವು ಆಗಲೇ ದುಡ್ಡು ಕೊಟ್ಟಾಗಿದೆ. ಹತ್ತಿರದ ಶಾಖೆಯ ಗ್ರಂಥಪಾಲಕರನ್ನು ಹೋಗಿ ಕಂಡು, ತಿಂಗಳಿಗೊಮ್ಮೆ ಒಂದು ಮೂಲೆ ಕೊಡುತ್ತೀರಾ ಅಂತ ಕೇಳಿ. ರಜೆ ದಿನ ನೋಡಿಕೊಂಡು ನಿಮ್ಮ ಭಾನುವಾರವನ್ನು ಶನಿವಾರ ಮಾಡಬೇಕಾಗಬಹುದು. ನಮ್ಮೂರಿನ ಕರ್ನಾಟಕ ಸಂಘ 1930ರಿಂದ ಪುಸ್ತಕದ ಜನರ ಜಾಗವೇ. ಅಲ್ಲೂ ವಿಚಾರಿಸಿ. ಬೇಸಿಗೆಯಲ್ಲಿ ಒಂದು ಸಂಜೆ ಗಾಂಧಿ ಪಾರ್ಕ್ ಕೂಡ ಆದೀತು. ಆದರೆ ಪಾರ್ಕಿನಲ್ಲಿ ಗಂಭೀರವಾದ ಚರ್ಚೆ ನಿರೀಕ್ಷೆ ಮಾಡಬೇಡಿ. ಮಂಡಕ್ಕಿ ತಿಂದು, ಪುಸ್ತಕ ಬಿಟ್ಟು ಬೇರೆಲ್ಲ ಮಾತಾಡಿ ಬರುತ್ತೀರಿ. ವರ್ಷಕ್ಕೊಮ್ಮೆ ಅದೂ ಇರಲಿ.

ತಿಂಡಿಯ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಮೊದಲ ತಿಂಗಳು ಬಿಸ್ಕತ್ತಿನಿಂದ ಶುರುವಾದದ್ದು ಆರನೇ ತಿಂಗಳಿಗೆ ಉಪ್ಪಿಟ್ಟು, ಕೇಸರಿಬಾತ್ ಆಗಿರುತ್ತದೆ. ಆಮೇಲೆ ಯಾರೋ ಕಡುಬು ಮಾಡುತ್ತಾರೆ. ಕಡುಬು ಚೆನ್ನಾಗಿಯೇ ಇರುತ್ತದೆ, ತೊಂದರೆ ಅದಲ್ಲ. ಅದಾದ ಮೇಲೆ ಸರದಿ ಬರುವವರು ರಾತ್ರಿ ನಿದ್ದೆ ಮಾಡುವುದಿಲ್ಲ. 'ಈ ತಿಂಗಳು ನೆಂಟರು ಬರ್ತಾರೆ, ನಿಮ್ಮನೆಯಲ್ಲೇ ಇಟ್ಟುಕೊಳ್ಳೋಣ' ಅಂತ ಫೋನ್ ಬರುವುದು ಹೀಗೆಯೇ. ಆದ್ದರಿಂದ ಮೇಲಿನ ಮಿತಿ ಹಾಕಿ: ಒಂದು ಕುಡಿಯುವುದು, ಒಂದು ಒಣ ತಿಂಡಿ. ಕಾಫಿ, ಟೀ, ಇಲ್ಲ ಕಷಾಯ. ಜೊತೆಗೆ ಕೋಡುಬಳೆಯೋ ಚಕ್ಕುಲಿಯೋ ಹಲಸಿನ ಹಪ್ಪಳವೋ. ತಲೆಗೆ ತಿಂಗಳಿಗೆ 50 ರೂಪಾಯಿ ಡಬ್ಬಿಗೆ ಹಾಕಿದರೆ 550 ಆಗುತ್ತದೆ. ಆ ತಿಂಗಳ ಮನೆಯವರು ಅದರಿಂದಲೇ ಖರ್ಚು ಮಾಡಲಿ. ಕೈಯಿಂದ ಹಾಕಿ ಜಾಸ್ತಿ ಮಾಡುವಂತಿಲ್ಲ.

ಕಾಫಿಯನ್ನು ಜನ ಬರುವ ಮೊದಲೇ ಮಾಡಿ ಫ್ಲಾಸ್ಕಿಗೆ ಹಾಕಿಡಿ. ಲೋಟಗಳನ್ನು ಪಕ್ಕದಲ್ಲಿ ಮಗುಚಿಡಿ. ಬಂದವರು ಬಗ್ಗಿಸಿಕೊಂಡು ಕುಡಿಯಲಿ. ಹಾಲ್‌ನ ಮೂಲೆಯಲ್ಲಿ ಒಂದು ಸ್ಟೂಲ್ ಸಾಕು ಇದಕ್ಕೆ. ತಿಂಡಿ ಕೊನೆಗೆ, ಮಾತು ಮುಗಿದ ಮೇಲೆ. ಮಧ್ಯದಲ್ಲಿ ತಟ್ಟೆ ಬಂತು ಅಂದರೆ ಚರ್ಚೆ ಕೆಟ್ಟಿತು. 'ಇದಕ್ಕೇನು ಹಾಕಿದೀರಿ, ಎಷ್ಟು ಗರಿಗರಿ ಬಂದಿದೆ' ಅಂತ ಶುರುವಾದರೆ ಕಾದಂಬರಿಯ ನಾಯಕಿ ಅಲ್ಲೇ ನಿಂತಿರುತ್ತಾಳೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಮನೆಗೆ ಹೋಗುವ ಬಳಗದಲ್ಲಿ ಒಂದಲ್ಲ ಒಂದು ದಿನ 'ಅವರ ಮನೆಯಲ್ಲಿ ತಿನ್ನಬಹುದಾ' ಎಂಬ ಪಿಸುಮಾತು ಬರುತ್ತದೆ. ಜಾತಿ ಇರಬಹುದು, ಮಡಿ ಇರಬಹುದು, ಮಾಂಸ ಬೇಯಿಸಿದ ಪಾತ್ರೆ ಎಂಬುದಿರಬಹುದು. ಯಾರಾದರೂ ತಿನ್ನದಿದ್ದರೆ ಅದು ಅವರಿಷ್ಟ, ಬಾಟಲಿಯಲ್ಲಿ ನೀರು ತಂದುಕೊಳ್ಳಲಿ. ಆದರೆ ಆ ಕಾರಣಕ್ಕೆ ಒಂದು ಮನೆಯನ್ನು ಪಟ್ಟಿಯಿಂದ ಸದ್ದಿಲ್ಲದೆ ದಾಟಿಸಿಬಿಡುವುದು ಮಾತ್ರ ಬೇಡ. ಬಿಟ್ಟುಹೋದ ಮನೆಯವರಿಗೆ ಯಾಕೆ ಬಿಟ್ಟರು ಅಂತ ಗೊತ್ತಾಗಿಯೇ ಆಗುತ್ತದೆ. ಅವರು ಏನೂ ಹೇಳದೆ ಬರುವುದು ನಿಲ್ಲಿಸುತ್ತಾರೆ. ಪಟ್ಟಿಯನ್ನು ಅಕಾರಾದಿಯಾಗಿ ಬರೆದುಬಿಡಿ. ಆಗ ಯಾರನ್ನು ದಾಟಿಸಿದರೂ ಎಲ್ಲರಿಗೂ ಕಾಣುತ್ತದೆ, ದಾಟಿಸಲು ಯಾರಿಗೂ ಧೈರ್ಯ ಬರುವುದಿಲ್ಲ.

ಮಾತು ನಡೆಸುವ ಕೆಲಸಕ್ಕೆ ಬರೋಣ. ಇದಕ್ಕೆ ಜನ ಹೆದರುವುದು ಅದನ್ನು ಭಾಷಣ ಅಂದುಕೊಂಡಿರುವುದರಿಂದ. ಲೇಖಕರ ಪರಿಚಯ, ಕೃತಿಯ ಆಶಯ, ಕೊನೆಗೆ ವಂದನಾರ್ಪಣೆ. ಅದ್ಯಾವುದೂ ಬೇಡ. ನಡೆಸುವವರ ಕೆಲಸ ಮೂರೇ. ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದುವುದು. ಮೂರು ಪ್ರಶ್ನೆ ಬರೆದುಕೊಂಡು ಬರುವುದು. ಹೊತ್ತು ನೋಡಿಕೊಳ್ಳುವುದು.

ಓದುವ ಪುಟವನ್ನು ಅವರೇ ಆರಿಸಲಿ, ಯಾಕೆ ಆರಿಸಿದೆ ಅಂತ ಒಂದು ಮಾತು ಹೇಳಲಿ. 'ನಂಗೆ ಮಾತಾಡೋಕೆ ಬರಲ್ಲ' ಅನ್ನುವವರಿಗೂ ಓದುವುದಕ್ಕೆ ಬರುತ್ತದೆ. ಐದು ನಿಮಿಷ ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡ ಮೇಲೆ ಅರ್ಧ ಹೆದರಿಕೆ ಹೋಗಿರುತ್ತದೆ. ಪುಸ್ತಕ ಪೂರ್ತಿ ಮುಗಿಸದೆ ಬಂದವರಿಗೂ ಹಿಡಿದುಕೊಳ್ಳಲು ಒಂದು ಪುಟ ಸಿಗುತ್ತದೆ. (ಮುಗಿಸದೆ ಬರುವವರು ಇರುತ್ತಾರೆ. ಬರಲಿ ಬಿಡಿ. ಕಥೆಯ ಕೊನೆ ಹೇಳಬೇಡಿ ಅಂತ ಮಾತ್ರ ಅವರು ಕೇಳಬಾರದು.)

ಪ್ರಶ್ನೆ ಮಾಡುವುದರಲ್ಲಿ ಒಂದು ಹದ ಇದೆ. ಉದಾಹರಣೆಗೆ ನಿಮ್ಮ ಬಳಗ 'ಸಂಸ್ಕಾರ' ಓದಿತು ಅನ್ನಿ. ತೀರ್ಥಹಳ್ಳಿ ಕಡೆಯವರೇ ಆದ ಅನಂತಮೂರ್ತಿಯವರ ಪುಸ್ತಕ, 1965ರಲ್ಲಿ ಬಂದದ್ದು. ಬಹಳ ಜನ ಕೇಳುವ ಪ್ರಶ್ನೆ: 'ಈ ಕಾದಂಬರಿ ಸಂಪ್ರದಾಯವನ್ನು ಹೇಗೆ ವಿಮರ್ಶಿಸುತ್ತದೆ?' ಈ ಪ್ರಶ್ನೆ ಕೇಳಿದ ಕೂಡಲೇ ಕೋಣೆಯಲ್ಲಿ ಎಲ್ಲರೂ ಮೇಷ್ಟ್ರ ಕಡೆ ತಿರುಗುತ್ತಾರೆ. ಅದು ಪರೀಕ್ಷೆಯ ಪ್ರಶ್ನೆ, ಪರೀಕ್ಷೆ ಪಾಸಾದವರೇ ಉತ್ತರಿಸಬೇಕು. ಅದರ ಬದಲು ಹೀಗೆ ಕೇಳಿ ನೋಡಿ: 'ನಾರಣಪ್ಪನ ಹೆಣ ಮನೆಯಲ್ಲೇ ಇದೆ. ಸಂಸ್ಕಾರ ಮಾಡಲು ಯಾರೂ ಮುಂದೆ ಬರುತ್ತಿಲ್ಲ. ಆಗ ಚಂದ್ರಿ ತನ್ನ ಮೈಮೇಲಿನ ಒಡವೆ ಬಿಚ್ಚಿ ಖರ್ಚಿಗೆ ಅಂತ ಇಡುತ್ತಾಳೆ. ಅದನ್ನು ನೋಡಿದ ಮೇಲೆ ಅಗ್ರಹಾರದವರ ಮಾತು ಎಲ್ಲೆಲ್ಲಿ ಬದಲಾಯಿತು? ಗಂಡಸರದು ಹೇಗೆ, ಹೆಂಗಸರದು ಹೇಗೆ?' ಇದಕ್ಕೆ ಉತ್ತರ ಹೇಳಲು ಕನ್ನಡ ಎಂ.ಎ. ಬೇಕಿಲ್ಲ. ಸಾವಿನ ಮನೆಯಲ್ಲಿ ಒಡವೆ ಮಾತು ಕೇಳಿದ ಯಾರಿಗಾದರೂ ಹೇಳಲು ಏನಾದರೂ ಇರುತ್ತದೆ. ಎಲ್ಲರೂ ಪುಸ್ತಕ ತೆಗೆದು ಪುಟ ಹುಡುಕುತ್ತಾರೆ. ಪುಟ ತಿರುವುವ ಸದ್ದು ಕೇಳಿದರೆ ಪ್ರಶ್ನೆ ಸರಿಯಾಗಿದೆ ಅಂತಲೇ ಲೆಕ್ಕ.

ಅಂದರೆ 'ಯಾಕೆ' 'ಹೇಗೆ' ಎಂದು ಆಕಾಶಕ್ಕೆ ಬಿಡುವ ಪ್ರಶ್ನೆ ಬೇಡ. ಒಬ್ಬ ಪಾತ್ರ ಒಂದು ಜಾಗದಲ್ಲಿ ಮಾಡಿದ ಒಂದು ಕೆಲಸ ಹಿಡಿದುಕೊಳ್ಳಿ. ಮೂರು ಪ್ರಶ್ನೆಯಲ್ಲಿ ಎರಡು ಹೀಗಿರಲಿ. ಮೂರನೆಯದು ಜಗಳ ಹುಟ್ಟಿಸುವಂಥದ್ದಾಗಲಿ: 'ಇವಳು ಹಾಗೆ ಮಾಡಿದ್ದು ಸರಿಯಾ?' ಪ್ರಶ್ನೆಗಳನ್ನು ಎರಡು ದಿನ ಮೊದಲೇ ವಾಟ್ಸಾಪ್‌ನಲ್ಲಿ ಹಾಕಿಬಿಟ್ಟರೆ ನಿಧಾನಕ್ಕೆ ಯೋಚಿಸುವವರಿಗೂ ಅನುಕೂಲ.

ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ಒಂದೊಂದು ನಿಮಿಷ ಮಾತಾಡಲಿ. ಎಲ್ಲರದೂ ಆಗುವ ತನಕ ಯಾರಿಗೂ ಎರಡನೇ ಸಲ ಇಲ್ಲ. 'ನಂಗೆ ಇಷ್ಟವಾಗಲಿಲ್ಲ' ಅಂದರೂ ಸಾಕು, 'ಅರವತ್ತನೇ ಪುಟಕ್ಕೆ ನಿಂತುಹೋದೆ' ಅಂದರೂ ಸಾಕು. ಆ ಸುತ್ತಿನಲ್ಲಿ ಒಮ್ಮೆ ಬಾಯಿ ಬಿಟ್ಟವರು ಆಮೇಲೆ ಇನ್ನೊಮ್ಮೆ ಬಿಡುತ್ತಾರೆ. ಬಿಡದವರು ಕೊನೆವರೆಗೂ ಬಿಡುವುದಿಲ್ಲ.

ಪುಸ್ತಕ ಆರಿಸಿದವರೇ ಚರ್ಚೆ ನಡೆಸಲಿ ಅಂತ ಕೆಲವು ಬಳಗಗಳು ಮಾಡಿಕೊಂಡಿವೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ತಾವು ಮೆಚ್ಚಿ ತಂದ ಪುಸ್ತಕವನ್ನು ಯಾರಾದರೂ ಬೋರು ಅಂದರೆ ಅವರಿಗೆ ಮುಖ ಸಣ್ಣದಾಗುತ್ತದೆ. ಬಂದವರೂ ಅವರ ಮುಖ ನೋಡಿಕೊಂಡು ಮಾತಾಡುತ್ತಾರೆ. ಆರಿಸುವವರು ಒಬ್ಬರು, ನಡೆಸುವವರು ಇನ್ನೊಬ್ಬರಾದರೆ ಹೊಗಳಲೂ ತೆಗಳಲೂ ಜಾಗ ಇರುತ್ತದೆ.

ಮೊದಲ ಸಲ ನಡೆಸುವವರಿಗೆ ಒಬ್ಬರು ಜೊತೆ ಇರಲಿ. ಅದು ಮುಂದಿನ ತಿಂಗಳು ನಡೆಸಬೇಕಾದವರೇ ಆದರೆ ಇನ್ನೂ ಒಳ್ಳೆಯದು. ಅವರಿಗೆ ನೋಡಿ ಕಲಿತ ಹಾಗೆ ಆಯಿತು. ಈ ತಿಂಗಳಿನವರಿಗೆ ಜ್ವರ ಬಂದರೆ ಬದಲಿ ಸಿಕ್ಕ ಹಾಗೂ ಆಯಿತು. ಸರದಿ ಬದಲಿಸಬೇಕಾದವರು ಬದಲಿಯನ್ನು ತಾವೇ ಹುಡುಕಿಕೊಳ್ಳಬೇಕು, ನಿಮಗೆ ಫೋನ್ ಮಾಡಿ 'ಏನ್ಮಾಡೋದ್ರೀ ಈಗ' ಅನ್ನಬಾರದು. ಇದನ್ನು ಮೊದಲೇ ಹೇಳಿಬಿಡಿ.

ಸರದಿ ಬರೆಯುವಾಗ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಳ್ಳಿ. ನಿಮ್ಮಲ್ಲಿ ತೀರ್ಥಹಳ್ಳಿ, ಸಾಗರದ ಕಡೆ ತೋಟ ಇರುವವರಿದ್ದರೆ ಅಡಿಕೆ ಕೊಯ್ಲಿನ ಹೊತ್ತಿಗೆ ಅವರ ಹೆಸರು ಹಾಕಬೇಡಿ. ದೀಪಾವಳಿ ಕಳೆದು ಸಂಕ್ರಾಂತಿ ದಾಟುವ ತನಕ ಸುಲಿಯುವುದು, ಬೇಯಿಸುವುದು, ಒಣಗಿಸುವುದರಲ್ಲೇ ಅವರಿಗೆ ದಿನ ಹೋಗುತ್ತದೆ. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆ ಬೇಡ. ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬಾ ಜಾತ್ರೆಯ ವಾರ ಯಾರ ಮನೆಯೂ ಬೇಡ, ಎಲ್ಲರ ಮನೆಯಲ್ಲೂ ನೆಂಟರು.

ಮಳೆಗಾಲದ ಲೆಕ್ಕವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಡೆದು ಹೋಗುವಷ್ಟು ಹತ್ತಿರದ ಮನೆಗಳನ್ನೇ ಇಟ್ಟುಕೊಳ್ಳಿ. ಸಂಜೆ ಆರರ ಬದಲು ನಾಲ್ಕಕ್ಕೆ ಸೇರಿ, ಕರೆಂಟ್ ಹೋದರೂ ಬೆಳಕಿರುತ್ತದೆ. ಶೀಟಿನ ಮಾಡಿನ ಮನೆಯಾದರೆ ಜಡಿಮಳೆಗೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ, ಆ ಮನೆ ಬೇಸಿಗೆಗಿರಲಿ. ಹನ್ನೊಂದು ಒದ್ದೆ ಕೊಡೆ, ಹನ್ನೊಂದು ಜೊತೆ ಚಪ್ಪಲಿ ಎಲ್ಲಿಡುವುದು ಅಂತಲೂ ಯೋಚಿಸಿ. ಜಗಲಿಯೋ ಪೋರ್ಟಿಕೋವೋ ಇರುವ ಮನೆಗೆ ಮಳೆಗಾಲದ ಸರದಿ ಒಪ್ಪುತ್ತದೆ. ದಪ್ಪ ಪುಸ್ತಕ ಓದಲು ಮಾತ್ರ ಇದೇ ಸರಿಯಾದ ಕಾಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಥರದ, 1967ರ ಆ ಏಳುನೂರು ಪುಟದ ಆಸುಪಾಸಿನ ಕಾದಂಬರಿಯನ್ನು ಒಂದೇ ತಿಂಗಳಿಗೆ ಅಂತ ಇಟ್ಟರೆ ಅರ್ಧ ಜನ ಬರುವುದಿಲ್ಲ. ಜೂನ್‌ಗೆ ಅರ್ಧ, ಜುಲೈಗೆ ಅರ್ಧ. ಎರಡು ಮನೆ, ಇಬ್ಬರು ನಡೆಸುವವರು. ಕೊಯ್ಲಿನ ತಿಂಗಳಿಗೆ ನೂರು ಪುಟದ್ದು ಅಥವಾ ನಾಲ್ಕು ಸಣ್ಣ ಕಥೆ ಸಾಕು.

ಇನ್ನು ಮೇಷ್ಟ್ರು. ಅವರನ್ನು ಸುಮ್ಮನಿರಿಸುವುದು ಹೇಗೆ ಅಂತ ನೀವು ಕೇಳಲಿಲ್ಲ, ಅದು ನಿಮ್ಮ ಮರ್ಯಾದೆ. ಸುಮ್ಮನಿರಿಸುವುದು ಬೇಕಾಗಿಯೂ ಇಲ್ಲ. ಅಷ್ಟು ಓದಿದವರು ಬೀದಿಯಲ್ಲಿ ಒಬ್ಬರಿರುವುದು ಪುಣ್ಯ. ಅವರ ಮಾತು ಮೊದಲು ಬರುವುದರಿಂದ ತೊಂದರೆ. ತಿಳಿದವರು ಹೇಳಿ ಮುಗಿಸಿದ ಮೇಲೆ, ತಾನು ಅಂದುಕೊಂಡು ಬಂದದ್ದು ದಡ್ಡತನದ್ದೇನೋ ಅಂತ ಉಳಿದವರಿಗೆ ಅನ್ನಿಸುತ್ತದೆ. ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುತ್ತಾರೆ. ಅದಕ್ಕೆ ಅವರಿಗೆ ಕೊನೆಯ ಹದಿನೈದು ನಿಮಿಷ ಮೀಸಲಿಡಿ. ಎಲ್ಲರ ಮಾತು ಕೇಳಿ, ಅದರಲ್ಲಿ ಒಂದೆರಡನ್ನು ಹಿಡಿದು, ಆ ಕಾಲದ ಸಂಗತಿ, ಲೇಖಕರ ಬೇರೆ ಬರಹ ಇತ್ಯಾದಿ ಹೇಳಲಿ. ಅವರಿಗೂ ಇದು ಇಷ್ಟವಾಗುತ್ತದೆ. ಜೀವನವಿಡೀ ಪಾಠ ಮಾಡಿದವರಿಗೆ ಮಕ್ಕಳು ಏನು ಬರೆದಿದ್ದಾರೆ ಅಂತ ಮೊದಲು ನೋಡಿ ಆಮೇಲೆ ಹೇಳುವ ಅಭ್ಯಾಸ ಇದ್ದೇ ಇರುತ್ತದೆ. ಎಲ್ಲರೆದುರು ಇದನ್ನು ಘೋಷಿಸಬೇಡಿ. ಹಿಂದಿನ ದಿನ ಅವರ ಮನೆಗೇ ಹೋಗಿ, 'ಸಾರ್, ಈ ಸಲ ಕೊನೆಯ ಮಾತು ನಿಮ್ಮದು. ಮೊದಲು ನಾವೆಲ್ಲ ತಪ್ಪೋ ನೆಪ್ಪೋ ಒದರುತ್ತೇವೆ, ನೀವು ಕೇಳಿಸಿಕೊಂಡು ಹೇಳಬೇಕು' ಅನ್ನಿ. ಅವರೂ ಮಾತಿನ ಪಟ್ಟಿಯಲ್ಲಿ ಎಲ್ಲರಂತೆ ಹನ್ನೊಂದು ತಿಂಗಳಿಗೊಮ್ಮೆ ಇರಲಿ. ಮೂರು ಪ್ರಶ್ನೆ, ಒಂದು ಪುಟ, ಅದೇ ನಿಯಮ.

ಹಂಚಿಕೆಯ ಮಾತನ್ನು ಬಳಗದಲ್ಲಿ ಎತ್ತುವಾಗ ನಿಮ್ಮ ದಣಿವಿನಿಂದ ಶುರು ಮಾಡಬೇಡಿ. 'ನಂಗೊಬ್ಬಳಿಗೇ ಆಗ್ತಿಲ್ಲ' ಅಂದರೆ ಎಲ್ಲರೂ ಅಯ್ಯೋ ಅಂದು, ಮುಂದಿನ ತಿಂಗಳು ಒಬ್ಬೊಬ್ಬರು ಒಂದೊಂದು ತಿಂಡಿ ಮಾಡಿಕೊಂಡು ನಿಮ್ಮ ಮನೆಗೇ ಬರುತ್ತಾರೆ. ಹೀಗೆ ಹೇಳಿ: 'ಇನ್ನು ಮೇಲೆ ಮನೆ ಬೇರೆ, ಮಾತು ಬೇರೆ. ಮನೆಯವರದು ಜಾಗ ಮತ್ತು ಫ್ಲಾಸ್ಕ್ ಕಾಫಿ ಅಷ್ಟೇ. ಮಾತಿನವರದು ಒಂದು ಪುಟ, ಮೂರು ಪ್ರಶ್ನೆ. ಮುಂದಿನ ಮೂರು ತಿಂಗಳು ಯಾವ್ಯಾವುದು ಯಾರ್ಯಾರದು, ಇಲ್ಲೇ ಬರೆದುಕೊಳ್ಳೋಣ.' ವರ್ಷದ್ದೆಲ್ಲ ಒಂದೇ ಸಲ ಬರೆಯಬೇಡಿ. ಮೂರು ತಿಂಗಳಿನದು ನಡೆಯುತ್ತದೆ, ಹನ್ನೆರಡು ತಿಂಗಳಿನದು ಫ್ರಿಜ್ ಮೇಲೆ ಅಂಟಿಕೊಂಡಿರುತ್ತದೆ. ಆ ಮೂರರಲ್ಲಿ ನಿಮ್ಮ ಮನೆ ಇರಬಾರದು. ಬೇಕಾದರೆ ಒಂದು ತಿಂಗಳ ಮಾತು ತಗೊಳ್ಳಿ.

ಹೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಗ ತಡೆಯಲಾರದೆ 'ಸರಿ ಬಿಡಿ, ಈ ತಿಂಗಳು ನಮ್ಮನೆಯಲ್ಲೇ ಆಗಲಿ' ಅಂತ ನಿಮ್ಮ ಬಾಯಿಗೆ ಬಂದೇ ಬರುತ್ತದೆ. ಅನ್ನಬೇಡಿ. ಯಾರೂ ಮನೆ ಕೊಡದಿದ್ದರೆ ಆ ತಿಂಗಳ ಭೇಟಿ ಗ್ರಂಥಾಲಯದಲ್ಲಿ. ಅಲ್ಲೂ ಆಗದಿದ್ದರೆ ಆ ತಿಂಗಳು ಭೇಟಿ ಇಲ್ಲ, ಪುಸ್ತಕ ಮುಂದಿನ ತಿಂಗಳಿಗೆ.